ಲೂವ್ರ್ ನೋಡಲು ಹೊರಟವರಿಗೆ: ಪಾಸ್ ಇದ್ದರೂ ಪ್ರವೇಶದ ಸಮಯ ಕಾಯ್ದಿರಿಸಲೇಬೇಕು

ಸರ್, ತಂದೆ-ತಾಯಿಯವರೊಂದಿಗೆ ಪ್ಯಾರಿಸ್ಸಿಗೆ ಹೋಗುವ ಯೋಜನೆಯ ಬಗ್ಗೆ ನೀವು ಈ ಗುಂಪಿನಲ್ಲಿ ಹಾಕಿದ ಬರಹವನ್ನು ಓದಿದೆ. ಸೋಮವಾರ ವರ್ಸೇಲ್ಸ್ ಅರಮನೆ, ಮಂಗಳವಾರ ಹನ್ನೊಂದರಿಂದ ಒಂದು ಗಂಟೆಯವರೆಗೆ ಲೂವ್ರ್ ಮ್ಯೂಸಿಯಂ, ಹಲವು ಸ್ಥಳಗಳ ಪ್ರವೇಶಕ್ಕೆ ಒಂದೇ ಟಿಕೆಟ್ಟಾದ ಮ್ಯೂಸಿಯಂ ಪಾಸ್ ಕೊಂಡಿರುವುದರಿಂದ ಟಿಕೆಟ್ಟಿನ ಚಿಂತೆಯಿಲ್ಲ ಎಂದು ಬರೆದಿದ್ದೀರಿ. ವರ್ಸೇಲ್ಸ್ ಅರಮನೆಗೆ ಸೋಮವಾರ ರಜೆ, ಲೂವ್ರ್‌ಗೆ ಮಂಗಳವಾರ ರಜೆ. ದಿನವನ್ನು ಬದಲಿಸಿಕೊಳ್ಳುವುದು ಕಷ್ಟವಲ್ಲ. ಪಾಸಿನ ಮೇಲೆ ನೀವು ಇಟ್ಟಿರುವ ಭರವಸೆಯೇ ನನಗೆ ಹೆಚ್ಚು ಆತಂಕ ತಂದಿದೆ, ಏಕೆಂದರೆ ನಾವೂ ಒಮ್ಮೆ ಅದೇ ಭರವಸೆಯಲ್ಲಿ ಹೋಗಿ ಗಾಜಿನ ಪಿರಮಿಡ್ಡಿನ ಅಂಗಳದಿಂದಲೇ ಹಿಂದಿರುಗಿದ್ದೆವು.

ಪ್ಯಾರಿಸ್ ಮ್ಯೂಸಿಯಂ ಪಾಸ್ ಲೂವ್ರ್‌ನ ಪ್ರವೇಶ ಶುಲ್ಕವನ್ನು ಭರಿಸುತ್ತದೆಯೇ ಹೊರತು ನಿಮಗಾಗಿ ಸಮಯವನ್ನು ಹಿಡಿದಿಡುವುದಿಲ್ಲ. ಪಾಸ್ ಇರುವವರು ಮ್ಯೂಸಿಯಮ್ಮಿನ ಅಧಿಕೃತ ಟಿಕೆಟ್ ಜಾಲತಾಣದಲ್ಲಿ ಪಾಸುದಾರರಿಗೆಂದೇ ಇರುವ ಆಯ್ಕೆಯನ್ನು ಒತ್ತಿ, ಹಣ ಕೊಡದೆಯೇ ದಿನ ಮತ್ತು ಗಂಟೆಯನ್ನು ಕಾಯ್ದಿರಿಸಬೇಕು. ಹದಿನೆಂಟು ವರ್ಷದೊಳಗಿನವರಿಗೆ ಪ್ರವೇಶ ಉಚಿತವಾದರೂ ಅವರ ಹೆಸರಿನಲ್ಲಿಯೂ ಸಮಯ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಈ ಸಮಯಗಳು ಬೇಗ ತುಂಬಿಹೋಗುತ್ತವೆ. ಆದ್ದರಿಂದ ಮೊದಲು ಲೂವ್ರ್‌ನ ಸಮಯ ಸಿಗುತ್ತದೆಯೇ ಎಂದು ನೋಡಿ, ಸಿಕ್ಕ ಮೇಲೆ ಪಾಸ್ ಕೊಳ್ಳುವುದು ಸರಿಯಾದ ಕ್ರಮ. ನೀವು ಈಗಾಗಲೇ ಕೊಂಡಿರುವುದರಿಂದ ಇಂದೇ ಕುಳಿತು ಸಮಯ ಹಿಡಿಯಿರಿ. ಪಾಸಿನ ಗಂಟೆಗಳು ಮೊದಲ ಬಳಕೆಯಿಂದ ನಿರಂತರವಾಗಿ ಓಡುತ್ತವೆ ಎಂಬುದನ್ನೂ, ಐಫೆಲ್ ಗೋಪುರ ಅದರಲ್ಲಿ ಸೇರಿಲ್ಲ ಎಂಬುದನ್ನೂ ಗಮನದಲ್ಲಿಡಿ. ದಿನಕ್ಕೆ ಒಂದೇ ಸ್ಥಳ ನೋಡುವವರಿಗೆ ಪಾಸ್ ಲಾಭದಾಯಕವಲ್ಲ ಎಂಬುದು ನನ್ನ ಅಭಿಪ್ರಾಯ.

ಬಿಡಿ ಟಿಕೆಟ್ ಕೊಳ್ಳುವ ಇತರ ಸದಸ್ಯರಿಗೂ ಒಂದು ಮಾತು. 2026ರ ಜನವರಿ 14ರಿಂದ ಯೂರೋಪಿನ ಆರ್ಥಿಕ ವಲಯದ ಹೊರಗಿನವರಿಗೆ, ಅಂದರೆ ನಮ್ಮಂಥ ಭಾರತೀಯರಿಗೂ, ಲೂವ್ರ್ ಟಿಕೆಟ್ 32 ಯೂರೋ ಆಗಿದೆ. ಹಳೆಯ 22 ಯೂರೋ ದರವನ್ನು ಈ ಗುಂಪಿನಲ್ಲಿ ಇನ್ನೂ ಹಂಚುತ್ತಿರುವವರು ದಯವಿಟ್ಟು ನಿಲ್ಲಿಸಿ. ಹುಡುಕಾಟದಲ್ಲಿ ಮೊದಲಿಗೆ ಕಾಣುವ ಜಾಹೀರಾತಿನ ಕೊಂಡಿಗಳನ್ನು ಒತ್ತಬೇಡಿ. ಅಧಿಕೃತ ತಾಣದಂತೆಯೇ ಕಾಣುವ ಹಲವು ಮಾರಾಟಗಾರರು ‘ಸಾಲು ನಿಲ್ಲಬೇಕಿಲ್ಲ’ ಎಂದು ಹೆಚ್ಚು ಹಣ ಕೀಳುತ್ತಾರೆ, ಆದರೆ ಭದ್ರತಾ ತಪಾಸಣೆಯ ಸಾಲನ್ನು ಯಾರೂ ತಪ್ಪಿಸಿಕೊಳ್ಳಲಾರರು. ಹಣ ಕಟ್ಟುವ ಮುನ್ನ ನಿಮ್ಮ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರವನ್ನು ಬ್ಯಾಂಕಿನ ಆ್ಯಪ್ ಮೂಲಕ ಆನ್ ಮಾಡಿಕೊಳ್ಳಿ. ಎಷ್ಟೋ ಜನ ಇದನ್ನು ಮರೆತು, ವ್ಯವಹಾರ ವಿಫಲವಾದಾಗ ತಾಣವನ್ನೇ ದೂರುತ್ತಾರೆ.

ಇನ್ನು ಸಮಯದ ಆಯ್ಕೆ. ಬೆಳಿಗ್ಗೆ ಹನ್ನೊಂದು ಗಂಟೆ ವಯಸ್ಸಾದವರನ್ನು ಕರೆದೊಯ್ಯುವ ಹೊತ್ತೇ ಅಲ್ಲ. ಬುಧವಾರ ಮತ್ತು ಶುಕ್ರವಾರ ಲೂವ್ರ್ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಆ ಎರಡರಲ್ಲಿ ಒಂದು ದಿನ, ಮಧ್ಯಾಹ್ನ ವಿಶ್ರಾಂತಿ ಪಡೆದು, ನಾಲ್ಕೂವರೆಯ ಸಮಯ ತೆಗೆದುಕೊಳ್ಳಿ. ಪಿರಮಿಡ್ಡಿನ ಕೆಳಗೆ ಇಳಿದ ಕೂಡಲೇ ಜನರೆಲ್ಲ ಮೋನಾಲಿಸಾ ಇರುವ ಡೆನೊನ್ ಭಾಗದ ಕಡೆಗೆ ಧಾವಿಸುತ್ತಾರೆ. ನೀವು ರಿಶೆಲ್ಯೂ ಭಾಗಕ್ಕೆ ಹೋಗಿ. ಅಲ್ಲಿ ನೆಲಮಹಡಿಯಲ್ಲಿ ಪ್ರಾಚೀನ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನವಿದೆ: ಎರಡೂ ಕಾಲು ಮೀಟರ್ ಎತ್ತರದ ಕಪ್ಪು ಕಲ್ಲಿನಲ್ಲಿ ಮೇಲೆ ರಾಜ ಮತ್ತು ದೇವರು, ಕೆಳಗೆ ಸಾಲುಸಾಲಾಗಿ ಕೊರೆದ ಕಾನೂನುಗಳು. ನಮ್ಮ ಊರಿನ ವೀರಗಲ್ಲು, ದಾನಶಾಸನಗಳನ್ನು ನೋಡಿದ ಹಿರಿಯರಿಗೆ ಅದರ ಮುಂದೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಅಲ್ಲಿಂದ ಲಿಫ್ಟಿನಲ್ಲಿ ಎರಡನೆಯ ಮಹಡಿಗೆ ಹೋದರೆ ಚಿತ್ರಕಾರ ರೂಬೆನ್ಸ್ ಫ್ರಾನ್ಸಿನ ರಾಣಿ ಮಾರೀ ದ ಮೆದಿಚಿಯ ಬದುಕನ್ನು ಕುರಿತು ಚಿತ್ರಿಸಿದ ಮಾಲಿಕೆಯ 24 ಬೃಹತ್ ಚಿತ್ರಗಳು ಒಂದೇ ಸಭಾಂಗಣದಲ್ಲಿವೆ. ಡಚ್ ಚಿತ್ರಕಾರ ವರ್ಮೀರನ ‘ಲೇಸು ಹೆಣೆಯುವವಳು’ ಚಿತ್ರವೂ ಅದೇ ಮಹಡಿಯಲ್ಲಿದೆ. ಅದರ ಎತ್ತರ 24 ಸೆಂಟಿಮೀಟರ್, ಅಗಲ 21. ಹತ್ತಿರ ಹೋಗಿ ನೋಡಿದರೆ ಮೆತ್ತೆಯಿಂದ ಇಳಿಬಿದ್ದ ಕೆಂಪು ನೂಲು ದ್ರವದಂತೆ ಹರಿಯುತ್ತಿರುವುದು ಕಾಣುತ್ತದೆ.

ಮೋನಾಲಿಸಾವನ್ನು ಕಡೆಗೆ, ಏಳೂವರೆಯಿಂದ ಎಂಟರ ಹೊತ್ತಿಗೆ ಇಟ್ಟುಕೊಳ್ಳಿ. ಜನ ಇದ್ದೇ ಇರುತ್ತಾರೆ, ಆದರೆ ಹಗಲಿನ ನೂಕುನುಗ್ಗಲು ಇಳಿದಿರುತ್ತದೆ. ಬಾಗಿಲು ಮುಚ್ಚುವ ಅರ್ಧ ಗಂಟೆ ಮೊದಲೇ ಕೋಣೆಗಳನ್ನು ಖಾಲಿ ಮಾಡಿಸುವುದರಿಂದ ಎಂಟೂವರೆಯೇ ನಿಮ್ಮ ಗಡಿ. ಆ ಕೋಣೆಯಲ್ಲಿ ದಯವಿಟ್ಟು ಒಮ್ಮೆ ಹಿಂದಕ್ಕೆ ತಿರುಗಿ ನೋಡಿ: ಎದುರು ಗೋಡೆಯಲ್ಲಿ ಇಟಲಿಯ ಚಿತ್ರಕಾರ ವೆರೊನೇಸೆಯು 1563ರಲ್ಲಿ ಮುಗಿಸಿದ, ಬೈಬಲ್ಲಿನ ಕಥೆಯ ‘ಕಾನಾದ ಮದುವೆ’ ಚಿತ್ರ ಇದೆ, ಸುಮಾರು ಹತ್ತು ಮೀಟರ್ ಅಗಲ. ಊಟದ ಪಂಕ್ತಿಯ ನಡುವೆ ವಾದ್ಯಗಾರರು, ಅವರ ಮುಂದೆ ನಾಯಿಗಳು, ಬಲಮೂಲೆಯಲ್ಲಿ ಹೂಜಿಯನ್ನು ಪರಚುತ್ತಿರುವ ಬೆಕ್ಕು. ಸೆಲ್ಫಿಗಾಗಿ ಅದಕ್ಕೆ ಬೆನ್ನು ಹಾಕಿ ನಿಲ್ಲುವುದು ಕಂಡಾಗ ನಿಜಕ್ಕೂ ನೋವಾಗುತ್ತದೆ. ‘ಮೋನಾಲಿಸಾ ನೋಡಿ ಬಂದರೆ ಲೂವ್ರ್ ಮುಗಿಯಿತು’ ಎಂದು ಇಲ್ಲಿ ಸಲಹೆ ಕೊಟ್ಟವರು ಅಷ್ಟು ದೂರ ಹೋಗುವವರಿಗೆ ಅನ್ಯಾಯ ಮಾಡುತ್ತಿದ್ದಾರೆ.

ಕೆಲವು ಎಚ್ಚರಿಕೆಗಳು. ಒಮ್ಮೆ ಹೊರಗೆ ಬಂದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಬಿಡುವುದಿಲ್ಲ, ಆದ್ದರಿಂದ ತಿಂಡಿ ಮುಗಿಸಿಯೇ ಹೋಗಿ. ದೊಡ್ಡ ಸೂಟ್‌ಕೇಸುಗಳನ್ನು ಒಳಗೆ ಬಿಡುವುದಿಲ್ಲ. ವಿಮಾನ ನಿಲ್ದಾಣದಿಂದ ನೇರವಾಗಿ ಹೋಗುವ ಯೋಚನೆ ಬೇಡ. ತಾಯಿಯವರಿಗೆ ಮೊಣಕಾಲು ನೋವಿದೆ ಎಂದಿದ್ದೀರಿ: ಗಾಲಿಕುರ್ಚಿಯನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ, ಗುರುತಿನ ಚೀಟಿ ಜೊತೆಗಿರಲಿ. ಪ್ರತಿದಿನ ಯಾವ ಕೋಣೆಗಳು ಮುಚ್ಚಿರುತ್ತವೆ ಎಂಬ ಪಟ್ಟಿ ಅಧಿಕೃತ ತಾಣದಲ್ಲಿರುತ್ತದೆ. 2025ರ ಡಿಸೆಂಬರ್‌ನಲ್ಲಿ ಸಿಬ್ಬಂದಿಯ ಮುಷ್ಕರದಿಂದ ಮ್ಯೂಸಿಯಮ್ಮೇ ತೆರೆಯದ ದಿನವೂ ಇತ್ತಾದ್ದರಿಂದ ಹೊರಡುವ ಬೆಳಿಗ್ಗೆ ಒಮ್ಮೆ ತಾಣವನ್ನು ನೋಡಿ. ಮೆಟ್ರೋದಲ್ಲಿ ‘ಲೂವ್ರ್–ರಿವೊಲಿ’ ಎಂಬ ಹೆಸರು ಕಂಡು ಇಳಿಯಬೇಡಿ. ‘ಪಾಲೇ ರೊಯಾಲ್–ಮ್ಯೂಜೆ ದು ಲೂವ್ರ್’ ನಿಲ್ದಾಣವೇ ಅನುಕೂಲ.

ಭಾರತದ ಶಿಲ್ಪಗಳು ಲೂವ್ರ್‌ನಲ್ಲಿ ಎಲ್ಲಿವೆ ಎಂದು ನಿಮ್ಮ ಬರಹದ ಕೆಳಗೆ ಒಬ್ಬರು ಕೇಳಿದ್ದಾರೆ. ಏಷ್ಯಾದ ಸಂಗ್ರಹವನ್ನು 1945ರಲ್ಲಿಯೇ ಪ್ಯಾರಿಸ್ಸಿನಲ್ಲೇ ಇರುವ ಏಷ್ಯಾ ಕಲೆಯ ಗಿಮೇ ಮ್ಯೂಸಿಯಮ್ಮಿಗೆ ವರ್ಗಾಯಿಸಲಾಯಿತು. ಅದಕ್ಕೂ ಮಂಗಳವಾರ ರಜೆ. ಓರ್ಸೇ ಮ್ಯೂಸಿಯಂ ಮಂಗಳವಾರ ತೆರೆದಿರುವುದರಿಂದ ಅಂದು ಅಲ್ಲಿಗೆ ಹೋಗಿ, ಬುಧವಾರ ಸಂಜೆ ಲೂವ್ರ್‌ಗೆ ಹೋಗಿ, ವರ್ಸೇಲ್ಸನ್ನು ಗುರುವಾರಕ್ಕೆ ಇಟ್ಟುಕೊಳ್ಳಿ.