ಸಂಪಾದಕರ ಉತ್ತರ: ಅಡಿಗಲ್ಲಿಗಿಂತ ಮೊದಲು ಆಗಬೇಕಾದ ಕೆಲಸ

ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಗೆ ಘಟಕ ನಡೆಸುವ ಓದುಗರೊಬ್ಬರು ಎರಡು ಪುಟಗಳ ಪತ್ರ ಬರೆದಿದ್ದಾರೆ. ಬಳ್ಳಾರಿಯ ನಡುಪೇಟೆಯಲ್ಲಿ ಸಾವಿರ ಆಸನಗಳ ಕಲಾಭವನ ಕಟ್ಟುವ ಮಾತು ಮತ್ತೆ ಎದ್ದಿದೆ. ಹಣ ಎಲ್ಲಿಂದ ಎಂದು ವಿಚಾರಿಸಿದರೆ ಒಬ್ಬರು ಪಾಲಿಕೆ ಎನ್ನುತ್ತಾರೆ, ಇನ್ನೊಬ್ಬರು ಕಲ್ಯಾಣ ಕರ್ನಾಟಕ ಮಂಡಳಿ ಎನ್ನುತ್ತಾರೆ, ಮತ್ತೊಬ್ಬರು ಗಣಿ ದುಡ್ಡು ಎನ್ನುತ್ತಾರೆ. "ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಇಂಥ ಊರಿಗೆ ಸರ್ಕಾರದ ದುಡ್ಡಿನಲ್ಲಿ ನಾಟಕದ ಮನೆ ಏಕೆ? ಬೇಕಾದವರು ಖಾಸಗಿಯಾಗಿ ಕಟ್ಟಿಕೊಳ್ಳಲಿ" ಎಂಬುದು ಅವರ ವಾದ.

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪೈಸೆ ಪೈಸೆಗೆ ಲೆಕ್ಕ ಇಟ್ಟು ವ್ಯಾಪಾರ ಮಾಡುವವರ ಶಿಸ್ತು ಅದರಲ್ಲಿದೆ. ನೀರಿನ ವಿಷಯದಲ್ಲಿ ನೀವು ಹೇಳಿದ್ದಕ್ಕೆ ನನ್ನ ಎದುರುಮಾತಿಲ್ಲ. ತುಂಗಭದ್ರೆಯ ಕಾಲುವೆಯಿಂದ ಅಲ್ಲೀಪುರದ ಕೆರೆಗೆ ಬಂದ ನೀರು ನಿಮ್ಮ ಓಣಿಗೆ ತಲುಪಲು ಇಷ್ಟು ದಿನ ಹಿಡಿಯುತ್ತದೆ ಎಂದರೆ ಅದು ಆಡಳಿತ ತಲೆತಗ್ಗಿಸಬೇಕಾದ ಸಂಗತಿ. ನೀರು ಮೊದಲು, ಒಪ್ಪಿದೆ.

ಆದರೆ ಕಲಾಭವನ ಬೇಡ ಎಂದು ನೀವೂ ನಾನೂ ಕೂಡಿ ಬರೆದುಕೊಟ್ಟರೂ ಆ ಹಣ ನಿಮ್ಮ ನಲ್ಲಿಗೆ ಹರಿದು ಬರುವುದಿಲ್ಲ. ಸರ್ಕಾರದ ಹಣಕ್ಕೆ ಲೆಕ್ಕ ಶೀರ್ಷಿಕೆಗಳಿರುತ್ತವೆ, ಅಂದರೆ ಯಾವ ಹಣ ಯಾವ ಕೆಲಸಕ್ಕೆ ಎಂಬ ಬೇರೆ ಬೇರೆ ಖಾತೆಗಳು. ಒಂದು ಶೀರ್ಷಿಕೆಯಲ್ಲಿ ಖರ್ಚಾಗದೆ ಉಳಿದದ್ದು ಮಾರ್ಚ್ ಕೊನೆಗೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಪಕ್ಕದ ಓಣಿಯ ಪೈಪು ಒಡೆದಿದೆ ಎಂದು ಅಲ್ಲಿಗೆ ಹೋಗುವುದಿಲ್ಲ. ನೀರಿಗೆ ದುಡ್ಡು ಇಲ್ಲ ಎಂಬುದೂ ನಿಜವಲ್ಲ. 2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿಯಾಗಿ, ಗಣಿಯಿಂದ ಬಾಧೆಗೊಳಗಾದ ಜನರಿಗೂ ಪ್ರದೇಶಕ್ಕೂ ಹಣ ಹಾಕುವ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಹಳೆಯ ಗಣಿ ಗುತ್ತಿಗೆದಾರರು ರಾಜಧನದ (ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿ) ಶೇ. 30ರಷ್ಟನ್ನು, ಹರಾಜಿನಲ್ಲಿ ಗಣಿ ಪಡೆದವರು ಶೇ. 10ರಷ್ಟನ್ನು ಅದಕ್ಕೆ ಕಟ್ಟಬೇಕು. ಆ ಹಣವನ್ನು ಯಾವುದಕ್ಕೆ ಬಳಸಬೇಕೆಂಬ ಪಟ್ಟಿಯಲ್ಲಿ ಕುಡಿಯುವ ನೀರು ಆದ್ಯತೆಯ ಸಾಲಿನಲ್ಲೇ ಇದೆ. ಸಂಡೂರಿನ ಗುಡ್ಡ ಕರಗಿಸಿ ಬಂದ ಹಣದಲ್ಲಿ ಬಳ್ಳಾರಿಯ ನಲ್ಲಿಗೆ ದಿನವೂ ನೀರು ಏಕೆ ಬರುತ್ತಿಲ್ಲ ಎಂದು ನೀವು ಕೇಳಬೇಕಿತ್ತು. ಅದನ್ನು ಬಿಟ್ಟು ಕಲಾವಿದರ ಮೇಲೆ ಸಿಟ್ಟು ತೀರಿಸಿಕೊಂಡಿದ್ದೀರಿ. ನನಗೆ ಬೇಸರವಾದದ್ದು ಅಲ್ಲಿ.

"ನಾಟಕದ ಮನೆ" ಎಂದು ಬರೆದಿದ್ದೀರಿ. ನೀವು ಯಾವ ಊರಿನಲ್ಲಿ ಕುಳಿತು ಬರೆಯುತ್ತಿದ್ದೀರಿ ಎಂಬುದನ್ನು ಸ್ವಲ್ಪ ನೆನಪಿಸಲು ಅವಕಾಶ ಕೊಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಳ್ಳಾರಿಯ ವಕೀಲರಿಬ್ಬರು, ಧರ್ಮವರಂ ರಾಮಕೃಷ್ಣಮಾಚಾರ್ಯರು ಮತ್ತು ಕೋಲಾಚಲಂ ಶ್ರೀನಿವಾಸರಾಯರು, ಒಬ್ಬರು ಸರಸ ವಿನೋದಿನಿ ಸಭೆಯನ್ನು, ಇನ್ನೊಬ್ಬರು ಸುಮನೋರಮಾ ಸಭೆಯನ್ನು ಕಟ್ಟಿಕೊಂಡು ಪೈಪೋಟಿಯಲ್ಲಿ ನಾಟಕ ಬರೆದರು, ಆಡಿಸಿದರು. ಅವರ ಹಿಂದೆಯೇ ಬಳ್ಳಾರಿ ರಾಘವರು ಬಂದರು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಅವರೂ ವಕೀಲರೇ. ಹಗಲು ಕೋರ್ಟು, ರಾತ್ರಿ ಬಣ್ಣ. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿದರು, ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕೆಂದು ಹಟ ಹಿಡಿದರು, ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು. ಊರಿನ ಹೆಸರನ್ನು ತನ್ನ ಹೆಸರಿನ ಮುಂದೆ ಹೊತ್ತು ಇಷ್ಟು ದೂರ ನಡೆದ ಇನ್ನೊಬ್ಬ ನಟ ನಮಗಿಲ್ಲ. ನಂತರ ಗಮಕಿ, ನಾಟಕಕಾರ ಜೋಳದರಾಶಿ ದೊಡ್ಡನಗೌಡರು. ನಮ್ಮ ಕಣ್ಣೆದುರೇ ನಾಟಕದ ಕಂದಪದ್ಯವನ್ನು ಹಾಡಿ ಸಭೆಯನ್ನು ಎಬ್ಬಿಸಿ ಕೂರಿಸುತ್ತಿದ್ದ ಸುಭದ್ರಮ್ಮ ಮನ್ಸೂರ್. ತೊಗಲು ಗೊಂಬೆಯನ್ನು ಹೊರದೇಶದವರೆಗೂ ಒಯ್ದ ಬೆಳಗಲ್ಲು ವೀರಣ್ಣ. ರಾಘವರ ಹೆಸರಿನಲ್ಲೂ ದೊಡ್ಡನಗೌಡರ ಹೆಸರಿನಲ್ಲೂ ಊರಿನಲ್ಲಿ ಮಂದಿರಗಳಿವೆ, ನಿಜ. ಅವು ಇರುವುದರಿಂದಲೇ ಇಷ್ಟಾದರೂ ಉಳಿದಿದೆ. ಇಷ್ಟು ದೊಡ್ಡ ಊರಿಗೆ ಅಷ್ಟೇ ಸಾಕು ಎಂದು ನೀವು ಹೇಳಲಾರಿರಿ.

ಖಾಸಗಿಯವರು ಕಟ್ಟಲಿ ಎಂಬ ಮಾತಿಗೆ ಬರುತ್ತೇನೆ. ಖಾಸಗಿಯವರು ಕಟ್ಟಿದ್ದಾರೆ, ಬೈಪಾಸಿನ ಎರಡೂ ಬದಿ ನೋಡಿಕೊಂಡು ಬನ್ನಿ. ಎಲ್ಲವೂ ಕಲ್ಯಾಣ ಮಂಟಪಗಳು. ಅದರಲ್ಲಿ ತಪ್ಪಿಲ್ಲ, ಬಂಡವಾಳ ಹಾಕಿದವರಿಗೆ ಲಗ್ನದ ಬಾಡಿಗೆಯೇ ಆಧಾರ. ಆದರೆ ಮದುವೆಯ ದಿನದ ಬಾಡಿಗೆಯನ್ನು ಹವ್ಯಾಸಿ ನಾಟಕ ತಂಡ ಎಲ್ಲಿಂದ ತರಬೇಕು? ಮಂಟಪದ ವೇದಿಕೆ ವಧೂವರರ ಎರಡು ಕುರ್ಚಿಗೆಂದು ಮಾಡಿದ್ದು. ಅದಕ್ಕೆ ನಟರು ಮರೆಯಲ್ಲಿ ನಿಲ್ಲುವ ಪಕ್ಕದ ರೆಕ್ಕೆಗಳಿಲ್ಲ, ಮೇಲೆ ದೀಪ ಕಟ್ಟಲು ಕಂಬಿಯಿಲ್ಲ, ಹಿಂದಿನ ಸಾಲಿಗೆ ಮಾತು ಕೇಳಿಸುವುದಿಲ್ಲ. ಶಾಲೆಯ ಮಗು ಏಕಪಾತ್ರಾಭಿನಯ ಮಾಡಲಿ, ಬಯಲಾಟದ ಮೇಳ ಒಂದು ರಾತ್ರಿ ಕುಣಿಯಲಿ, ಕವಿಗೋಷ್ಠಿಗೆ ನಲವತ್ತೇ ಜನ ಬರಲಿ, ಇವುಗಳಿಂದ ಲಾಭ ಹುಟ್ಟುವುದಿಲ್ಲ. ಲಾಭ ಹುಟ್ಟದ, ಆದರೆ ಊರಿಗೆ ಬೇಕಾದ ಕೆಲಸಕ್ಕೆ ಸಾರ್ವಜನಿಕ ಹಣ ಹಾಕುವುದೇ ಸರಿಯಾದ ದಾರಿ. ಗ್ರಂಥಾಲಯಕ್ಕೆ ಹಾಕುತ್ತೇವೆ, ಉದ್ಯಾನಕ್ಕೆ ಹಾಕುತ್ತೇವೆ. ನಿಮ್ಮ ತೆರಿಗೆಯಲ್ಲಿ ಗ್ರಂಥಾಲಯದ ಕರವೂ ಸೇರಿದೆ. ಅದನ್ನು ನೀವು ಪ್ರಶ್ನಿಸಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ, ಹಣ ಎಲ್ಲಿಂದ ಎಂಬುದು. ಇಲ್ಲಿ ನಿಮ್ಮ ಅನುಮಾನ ಸರಿಯಾದ ಕಡೆಯೇ ಕೈಯಿಟ್ಟಿದೆ. ಖನಿಜ ಪ್ರತಿಷ್ಠಾನದ ಹಣವನ್ನು ಇದಕ್ಕೆ ತರುತ್ತೇವೆ ಎನ್ನುವವರು ಅದರ ಮಾರ್ಗಸೂಚಿಯನ್ನು ತೆರೆದು ನೋಡಿದಂತಿಲ್ಲ. ನೀರು, ಆರೋಗ್ಯ, ಶಿಕ್ಷಣ, ಪರಿಸರ, ಮಹಿಳೆಯರು, ಮಕ್ಕಳು, ವೃದ್ಧರು, ಕೌಶಲ, ನೈರ್ಮಲ್ಯ, ಆಮೇಲೆ ರಸ್ತೆ, ನೀರಾವರಿ ಎಂದು ಪಟ್ಟಿ ಸಾಗುತ್ತದೆ. ರಂಗಮಂದಿರಕ್ಕೆ ಅಲ್ಲಿ ಸಾಲಿಲ್ಲ. ಬಲವಂತವಾಗಿ ತುರುಕಿದರೆ ನಾಳೆ ಲೆಕ್ಕಪರಿಶೋಧಕರು ಆಕ್ಷೇಪ ಎತ್ತುತ್ತಾರೆ, ಬಿಲ್ಲು ನಿಲ್ಲುತ್ತದೆ, ಕೆಲಸವೂ ನಿಲ್ಲುತ್ತದೆ. ಸುಪ್ರೀಂ ಕೋರ್ಟಿನ ಕಣ್ಗಾವಲಿನಲ್ಲಿರುವ ಗಣಿ ಬಾಧಿತ ಪ್ರದೇಶದ ಪುನಶ್ಚೇತನದ ಹಣ ಇನ್ನೂ ಬಿಗಿಯಾದ ಬೀಗದಲ್ಲಿದೆ. ಉಳಿಯುವುದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಬಲದಿಂದ ಹುಟ್ಟಿದ ಈ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಿಸಿದರು. ಕಟ್ಟಡಕ್ಕೆ ಹಣ ತರುವುದಿದ್ದರೆ ಇಲ್ಲಿಂದ ಮತ್ತು ಕನ್ನಡ ಸಂಸ್ಕೃತಿ ಇಲಾಖೆಯಿಂದ ತರಬೇಕು. ಆದರೆ ಅದು ಕ್ರಿಯಾ ಯೋಜನೆಯಲ್ಲಿ ಸೇರಿ, ಆಡಳಿತಾತ್ಮಕ ಅನುಮೋದನೆ ಪಡೆದು, ಒಂದೇ ಕಂತಿನಲ್ಲಿ ಅಲ್ಲದಿದ್ದರೂ ಪೂರ್ಣ ಮೊತ್ತಕ್ಕೆ ಆದೇಶವಾಗಿರಬೇಕು. "ಈ ವರ್ಷ ಇಷ್ಟು ಕೊಡುತ್ತೇವೆ, ಮುಂದೆ ನೋಡೋಣ" ಎಂಬ ಮಾತಿನ ಮೇಲೆ ಪಾಯ ತೆಗೆಯಬಾರದು.

ಏಕೆಂದರೆ ಆ "ಮುಂದೆ ನೋಡೋಣ" ಎಂಬುದರ ಫಲವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಭಾಗದ ಒಂದು ಪಟ್ಟಣದಲ್ಲಿ (ಹೆಸರು ಬೇಡ) ರಂಗಮಂದಿರದ ಗೋಡೆ, ಚಾವಣಿ, ಮುಂಬಾಗಿಲಿನ ಗ್ರಾನೈಟು ಎಲ್ಲ ಮೊದಲ ಹಂತದಲ್ಲಿ ಮುಗಿದವು. ಪರದೆ, ದೀಪ, ಧ್ವನಿ, ಪ್ರಸಾಧನ ಕೊಠಡಿಯ ನೀರಿನ ಸಂಪರ್ಕ ಎರಡನೆಯ ಹಂತಕ್ಕೆಂದು ಬರೆದಿದ್ದರು. ಎರಡನೆಯ ಹಂತ ಬರಲಿಲ್ಲ. ಅಲ್ಲೊಂದು ಪೌರಾಣಿಕ ನಾಟಕಕ್ಕೆ ಹೋಗಿದ್ದೆ. ದ್ರೌಪದಿಯ ಪಾತ್ರ ಮಾಡುವ ಹೆಣ್ಣುಮಗಳು ಕಿಟಕಿಯ ಸರಳಿಗೆ ಕೈಗನ್ನಡಿ ಸಿಕ್ಕಿಸಿ, ತಂಗಿಯ ಕೈಯಲ್ಲಿ ಮೊಬೈಲ್ ದೀಪ ಹಿಡಿಸಿ ಹುಬ್ಬು ತಿದ್ದಿಕೊಳ್ಳುತ್ತಿದ್ದರು. ಶೌಚಾಲಯಕ್ಕೆ ಬೀಗ. ಬೀಗದ ಕೈ ಇಟ್ಟುಕೊಂಡ ಕಾವಲುಗಾರನಿಗೆ ತಿಂಗಳುಗಳಿಂದ ಸಂಬಳವಿಲ್ಲ, ಹಾಗಾಗಿ ಆತ ಬಂದಿರಲಿಲ್ಲ. ಆಕೆ ಸೀರೆಯ ನೆರಿಗೆ ಎತ್ತಿ ಹಿಡಿದು ರಸ್ತೆಯಾಚೆಯ ಮನೆಯೊಂದರ ಬಾಗಿಲು ತಟ್ಟಿ ಬಂದರು. ಬಂದು, ಮೈಕು ಕೈಕೊಟ್ಟಾಗ ಬರಿಗಂಟಲಲ್ಲೇ ಮೂರು ಗಂಟೆ ನಾಟಕ ನಡೆಸಿದರು. ಬಾಡಿಗೆಯ ಜನರೇಟರಿನ ಡೀಸೆಲ್ ಹಣವನ್ನು ತಂಡದವರೇ ಕಟ್ಟಿದರು. ಸರ್ಕಾರ ಕೋಟಿಗಟ್ಟಲೆ ಖರ್ಚು ಮಾಡಿದ ಕಟ್ಟಡದಲ್ಲಿ ನಡೆದ ಸಂಗತಿ ಇದು.

ಇದನ್ನು ಓದಿ "ನೋಡಿ, ನಾನು ಹೇಳಿದ್ದೂ ಇದನ್ನೇ" ಎನ್ನುತ್ತೀರೇನೋ. ನಾನು ಹೇಳುತ್ತಿರುವುದು ಬೇರೆ. ಆ ಊರಿನಲ್ಲಿ ಸಾರ್ವಜನಿಕ ಹಣ ಬಂದದ್ದು ಕೆಡುಕಾಗಲಿಲ್ಲ, ಅರ್ಧಕ್ಕೆ ನಿಂತದ್ದು ಕೆಡುಕಾಯಿತು.

ಹಣದ ಅನಿಶ್ಚಿತತೆ ಎಷ್ಟು ದೊಡ್ಡ ಕೆಲಸವನ್ನೂ ಕೆಡಿಸಬಲ್ಲದು ಎಂಬುದಕ್ಕೆ ಸಿಡ್ನಿಯ ಒಪೆರಾ ಹೌಸಿನ ಕಥೆಯನ್ನು ಓದಬೇಕು. 1957ರಲ್ಲಿ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ ಅವರ ವಿನ್ಯಾಸ ಆಯ್ಕೆಯಾದಾಗ ಅಂದಾಜು ಅಲ್ಲಿನ ಡಾಲರಿನಲ್ಲಿ 70 ಲಕ್ಷ. 1963ಕ್ಕೆ ಮುಗಿಯಬೇಕಿತ್ತು. ಮುಗಿದದ್ದು 1973ರಲ್ಲಿ, ಆಗಿನ ಲೆಕ್ಕ 10.2 ಕೋಟಿ. ಅಂದಾಜು ಹಿಗ್ಗುತ್ತದೆ ಎಂಬ ನಿಮ್ಮ ಭಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿನ ಸರ್ಕಾರ ಇದಕ್ಕೆಂದೇ ಲಾಟರಿ ನಡೆಸಿ ಬಹುಪಾಲು ಹಣವನ್ನು ಹೊಂದಿಸಿತು. ಪೆಟ್ಟು ಬಿದ್ದದ್ದು ಇನ್ನೊಂದು ಕಡೆಯಿಂದ. ಸರ್ಕಾರ ಬದಲಾಗಿ ಹೊಸ ಮಂತ್ರಿ ವಾಸ್ತುಶಿಲ್ಪಿಗೆ ಕೊಡಬೇಕಾದ ಹಣವನ್ನು ತಡೆಹಿಡಿದರು, 1966ರಲ್ಲಿ ಉಟ್ಸನ್ ಕೆಲಸ ಬಿಟ್ಟು ದೇಶಕ್ಕೆ ಮರಳಿದರು. ತಾವು ಕಲ್ಪಿಸಿದ ಕಟ್ಟಡ ಪೂರ್ತಿಯಾದದ್ದನ್ನು ಅವರು ಕಣ್ಣಾರೆ ನೋಡಲೇ ಇಲ್ಲ. ಒಳಗಿನ ಸಭಾಂಗಣಗಳನ್ನು ಬೇರೆಯವರು ಬೇರೆ ರೀತಿಯಲ್ಲಿ ಮುಗಿಸಿದರು.

ಅಷ್ಟು ದೂರ ಬೇಡ ಎಂದರೆ ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಹೋಗಿ ಬನ್ನಿ. ಅಡಿಕೆ ತೋಟಗಳ ನಡುವಿನ ಸಣ್ಣ ಹಳ್ಳಿ. ಅಲ್ಲಿ 1972ರಿಂದ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ನಿಂತಿದೆ, ನೀನಾಸಮ್ ಎಂಬ ರಂಗಸಂಸ್ಥೆ ಅದನ್ನು ದಿನವೂ ದುಡಿಸಿಕೊಂಡಿದೆ. ದೇಶದ ದೊಡ್ಡ ದೊಡ್ಡ ನಗರಗಳ ನಟರು ಕಲಿಯಲು ಆ ಹಳ್ಳಿಗೆ ಬರುತ್ತಾರೆ. ಕಟ್ಟಡದ ಗಾತ್ರದಿಂದ ಆದದ್ದಲ್ಲ ಇದು, ಕೆ.ವಿ. ಸುಬ್ಬಣ್ಣನವರೂ ಅವರ ಗೆಳೆಯರೂ ಅದನ್ನು ಕಾಯ್ದುಕೊಂಡದ್ದರಿಂದ ಆದದ್ದು.

ಕಾಯ್ದುಕೊಳ್ಳುವುದು, ಅಲ್ಲಿಯೇ ನಾವು ಸೋಲುತ್ತೇವೆ. 2024ರ ಆಗಸ್ಟ್ 10ರ ರಾತ್ರಿಯನ್ನು ನಮ್ಮ ಜಿಲ್ಲೆಯ ಯಾರೂ ಮರೆತಿಲ್ಲ. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿ ಹೋಯಿತು. ತುಂಬಿದ ಜಲಾಶಯದ ನೀರು ಕಣ್ಣೆದುರೇ ಹರಿದು ಹೋಗುತ್ತಿದ್ದರೆ ಸಿರುಗುಪ್ಪದಿಂದ ಸಿಂಧನೂರಿನವರೆಗೆ ಭತ್ತ ನಾಟಿ ಮಾಡಿದವರು ನಿದ್ದೆಗೆಟ್ಟರು. ಹಳೆಯ ಗೇಟುಗಳನ್ನು ಬಲ್ಲ ಕನ್ನಯ್ಯ ನಾಯ್ಡು ಅವರನ್ನು ಕರೆಸಿ, ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ, ಒಂದು ವಾರದಲ್ಲಿ ನೀರು ನಿಲ್ಲಿಸಿದ ಕಾರ್ಮಿಕರಿಗೆ ನಾವೆಲ್ಲ ಕೈಮುಗಿದೆವು. ಎಪ್ಪತ್ತು ವರ್ಷ ಹಲವು ಜಿಲ್ಲೆಗಳ ಹೊಟ್ಟೆ ತುಂಬಿಸಿದ ಕಟ್ಟೆಯ ಸರಪಳಿಯ ಸ್ಥಿತಿಯೇ ಹೀಗಿದ್ದರೆ, ಒಂದು ಕಲಾಭವನದ ಪರದೆಯ ಹಗ್ಗವನ್ನು ಯಾರು ನೋಡುತ್ತಾರೆ? ಕಟ್ಟುವುದಕ್ಕೆ ಇಲ್ಲಿ ಹೇಗಾದರೂ ಹಣ ಹುಟ್ಟುತ್ತದೆ, ಏಕೆಂದರೆ ಕಟ್ಟುವುದರಲ್ಲಿ ಟೆಂಡರ್ ಇದೆ, ಅಡಿಗಲ್ಲಿದೆ, ಹೆಸರು ಕೆತ್ತಿದ ಫಲಕವಿದೆ. ವಿದ್ಯುತ್ ಬಿಲ್ಲು, ಕಸ ಗುಡಿಸುವವರ ಸಂಬಳ, ಸುಟ್ಟ ದೀಪದ ಬದಲಿ ದೀಪ, ಇವುಗಳಿಗೆ ಫಲಕವಿಲ್ಲ.

ಮಾತು ಇಲ್ಲಿಗೆ ಬಂದಾಗ ಇನ್ನೊಂದನ್ನು ಹೇಳದೆ ಇರಲಾರೆ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ 35 ಸೂಚಕಗಳನ್ನು ಹಿಡಿದು ತಾಲ್ಲೂಕುಗಳನ್ನು ಅಳೆದರು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಆ ವರದಿಯ ಮೇಲೆ ನನಗೆ ಅಪಾರ ಗೌರವವಿದೆ, ನಮ್ಮ ಹಕ್ಕಿನ ಹೋರಾಟಕ್ಕೆ ಅಂಕಿ ಕೊಟ್ಟದ್ದೇ ಅದು. ಆದರೆ ಆ 35ರಲ್ಲಿ ಒಂದು ವೇದಿಕೆ, ಒಂದು ನಾಟಕ, ಒಂದು ಹಾಡು ಇಲ್ಲ. ಅಂದಿನಿಂದ ನಮ್ಮ ಬಗ್ಗೆ ಮಾತಾಡುವವರೆಲ್ಲ ರಸ್ತೆ, ಆಸ್ಪತ್ರೆಯ ಹಾಸಿಗೆ, ಮನೆಯ ಹೆಂಚು ಎಣಿಸಿ ಮುಗಿಸುತ್ತಾರೆ. ಹಾಡು ಬೇಕಾದವರು ಬೆಂಗಳೂರಿನ ರೈಲು ಹತ್ತಬೇಕು. ಅಲ್ಲಿ ಠಾಕೂರರ ಶತಮಾನೋತ್ಸವದ ನೆಪದಲ್ಲಿ 1963ರ ಹೊತ್ತಿಗೇ ಸಾರ್ವಜನಿಕ ಹಣದಲ್ಲಿ ರವೀಂದ್ರ ಕಲಾಕ್ಷೇತ್ರ ಎದ್ದಿತ್ತು, ಅದು ದುಂದು ಎಂದು ಯಾರೂ ಈಗ ಹೇಳುವುದಿಲ್ಲ. ಬಳ್ಳಾರಿಯಲ್ಲಿ 1926, 1938, 1958ರಲ್ಲಿ ಸಾಹಿತ್ಯ ಸಮ್ಮೇಳನಗಳಾದವು. ಹಳಕಟ್ಟಿಯವರು, ದಿವಾಕರರು, ಗೋಕಾಕರು ಅಧ್ಯಕ್ಷತೆ ವಹಿಸಿದರು. 2011ರಲ್ಲಿ ಗಂಗಾವತಿಗೆ, 2016ರಲ್ಲಿ ರಾಯಚೂರಿಗೆ ಜಾತ್ರೆಯಂತೆ ಜನ ಹರಿದು ಬಂದರು. ಮೂರು ದಿನದ ಪೆಂಡಾಲಿಗೆ ಹಣ ಸಿಗುವ ನಾಡಿನಲ್ಲಿ ಮುನ್ನೂರ ಅರವತ್ತೈದು ದಿನದ ಚಾವಣಿಗೆ ಸಿಗುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಉತ್ಸವಗಳ ಮಾತೂ ಇದೇ. ಹೂವಿನ ಹಡಗಲಿಯಲ್ಲಿ ರಂಗಭಾರತಿ ಕಟ್ಟಿದ ಎಂ.ಪಿ. ಪ್ರಕಾಶರು ಹಂಪಿ ಉತ್ಸವವನ್ನು ಕಂಡದ್ದು ಇಲ್ಲಿನ ಕಲಾವಿದರ ಕಣ್ಣಿನಿಂದ. ಈಗ ಒಂದೇ ರಾತ್ರಿಯ ತಾರಾ ಗಾಯಕರಿಗೆ ಕೊಡುವ ಸಂಭಾವನೆಯಲ್ಲಿ ಒಂದು ಸಭಾಂಗಣದ ದೀಪಗಳು ವರ್ಷವಿಡೀ ಉರಿಯಬಹುದು.

ಹಾಗಾಗಿ ನನ್ನ ಬೇಡಿಕೆ ಸ್ಪಷ್ಟ. ಕಲಾಭವನ ಆಗಲಿ, ನಡುಪೇಟೆಯಲ್ಲೇ ಆಗಲಿ. ನಿಮ್ಮ ಘಟಕದಲ್ಲಿ ಹೊಲಿಯುವ ಹುಡುಗ ಹುಡುಗಿಯರು ಪಾಳಿ ಮುಗಿಸಿ ನಡೆದು ಬರುವಷ್ಟು ಹತ್ತಿರ ಇರಲಿ. ಸಾವಿರ ಆಸನ ಬೇಡ, ನಾನೂರು ಸಾಕು. ಮೊದಲ ಅಂದಾಜು ಪಟ್ಟಿಯಲ್ಲೇ ದೀಪ, ಧ್ವನಿ, ಪರದೆ, ಹೆಣ್ಣುಮಕ್ಕಳ ಶೌಚಾಲಯ ಸೇರಿರಲಿ. ನಿರ್ವಹಣೆಗೆಂದು ಒಂದು ಮೊತ್ತವನ್ನು ಠೇವಣಿ ಇಟ್ಟು ಅದರ ಬಡ್ಡಿಯನ್ನು ಬೇರೆ ಯಾವುದಕ್ಕೂ ಮುಟ್ಟದಂತೆ ಆದೇಶವಾಗಲಿ, ನೋಡಿಕೊಳ್ಳುವ ಸಮಿತಿಯಲ್ಲಿ ಅಧಿಕಾರಿಗಳಷ್ಟೇ ಕಲಾವಿದರೂ ಇರಲಿ, ಮದುವೆಗೆ ಬಾಡಿಗೆ ಕೊಡುವುದು ಬೇಡ. ಈ ಆದೇಶಕ್ಕೆ ಸಹಿ ಬೀಳುವ ತನಕ ಅಡಿಗಲ್ಲು ಹಾಕುವುದನ್ನು ವಿರೋಧಿಸಲು ನಾನು ನಿಮ್ಮ ಜೊತೆ ನಿಲ್ಲುತ್ತೇನೆ. ಸಹಿ ಬಿದ್ದ ಮೇಲೆ ನೀವು ನನ್ನ ಜೊತೆ ನಿಲ್ಲಬೇಕು.

ಸದ್ಯಕ್ಕೆ ಒಂದು ಕೆಲಸ ಮಾಡಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ನೂರೈವತ್ತು ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಕಲಾಭವನಕ್ಕೆ ಯಾವ ಲೆಕ್ಕ ಶೀರ್ಷಿಕೆಯಲ್ಲಿ, ಎಷ್ಟು ಮೊತ್ತಕ್ಕೆ ಆಡಳಿತಾತ್ಮಕ ಅನುಮೋದನೆ ಆಗಿದೆ, ನಿರ್ವಹಣೆಗೆ ಏನು ಆದೇಶವಿದೆ ಎಂದಷ್ಟೇ ಕೇಳಿ, ಪ್ರತಿಗಳನ್ನು ಕೋರಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಂದದ್ದನ್ನು ನಮಗೆ ಕಳುಹಿಸಿ. ಉತ್ತರ ಬರದಿದ್ದರೆ ಅರ್ಜಿಯ ಸ್ವೀಕೃತಿಯನ್ನೇ ಕಳುಹಿಸಿ. ಎರಡರಲ್ಲಿ ಯಾವುದು ಬಂದರೂ ಮುಂದಿನ ಸಂಚಿಕೆಯ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

ಸಂಪಾದಕ