ಕುಪ್ಪಳಿಯ ಕವಿಮನೆಗೆ ಒಂದು ಗಂಟೆ ಸಾಕಾ?

ಮಂಡಿನೋವಿರುವ ಅಮ್ಮನ ಜೊತೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋದರೆ ಒಂದು ಗಂಟೆ ಸಾಕಾ, ಕುವೆಂಪು ಹುಟ್ಟಿದ್ದು ಆ ಮನೆಯಲ್ಲೇನಾ ಅಂತ ಕೇಳಿದ್ದೀರಿ.

ಹುಟ್ಟಿದ್ದು ಅಲ್ಲಲ್ಲ. 1904ರಲ್ಲಿ, ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯಲ್ಲಿ.

ಒಂದು ಗಂಟೆ ಖಂಡಿತ ಸಾಲಲ್ಲ. ಕವಿಮನೆ ಅಂದ್ರೆ ಕುವೆಂಪು ಬೆಳೆದ, ಈಗ ಮ್ಯೂಸಿಯಂ ಆಗಿರುವ ಮೂರಂತಸ್ತಿನ ತೊಟ್ಟಿಮನೆ. ಮರದ ಮೆಟ್ಟಿಲು ಹತ್ತೋದು ಅಮ್ಮನಿಗೆ ಕಷ್ಟ ಆಗಬಹುದು, ಬಲವಂತ ಮಾಡಬೇಡಿ. ಕೆಳಗಿನ ಜಗಲಿ, ಕೆತ್ತನೆಯ ಮರದ ಕಂಬ, ಅಡುಗೆಮನೆಯ ಹಳೇ ಪಾತ್ರೆಗಳನ್ನು ನೋಡ್ತಾ ಕೂತರೂ ಹೊತ್ತು ಹೋಗೋದು ಗೊತ್ತಾಗಲ್ಲ. ಮಲೆನಾಡಿನ ಮನೆ ಕಂಡವರಾದರೆ ಅವರೇ ನಿಮಗೆ ಗೈಡ್ ಆಗಿಬಿಡ್ತಾರೆ! ಕುವೆಂಪು ಮದುವೆಯ ಮಂಟಪವನ್ನೂ ಅಲ್ಲಿ ಇಟ್ಟಿದ್ದಾರೆ, ತಪ್ಪಿಸಬೇಡಿ.

ಮನೆ ಹತ್ತಿರದ ಗುಡ್ಡ ಕವಿಶೈಲಕ್ಕೆ ಕಾಲುದಾರಿ ಇದೆ, ಆದರೆ ನೀವು ಗಾಡಿಯಲ್ಲೇ ಹೋಗಿ. ಎಲ್ಲರೂ ಅಲ್ಲಿನ ದೊಡ್ಡ ಕಲ್ಲುಕಂಬಗಳ ಮುಂದೆ ಫೋಟೋ ತೆಗೆಸಿಕೊಂಡು ಬಂದುಬಿಡ್ತಾರೆ. ಅವು ಕಲಾವಿದ ಕೆ.ಟಿ. ಶಿವಪ್ರಸಾದ್ ವಿನ್ಯಾಸದಲ್ಲಿ ಆಮೇಲೆ ನಿಂತವು. ನನಗೆ ಅದಕ್ಕಿಂತ ಇಷ್ಟ ಅಲ್ಲಿನ ಹಾಸುಬಂಡೆ. ಬಗ್ಗಿ ಹುಡುಕಿದರೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು 1936ರಲ್ಲಿ ಕೊರೆದ ಹೆಸರುಗಳು ಕಾಣ್ತವೆ. ಗುರುಗಳೂ ಶಿಷ್ಯನೂ ಸೇರಿ ಬಂಡೆ ಮೇಲೆ ಹೆಸರು ಕೆತ್ತಿದ್ದಾರೆ ನೋಡಿ! (ನಾವು ಕೆತ್ತಬಾರದು, ಅದು ಬೇರೆ ಮಾತು.) 1994ರಲ್ಲಿ ಕುವೆಂಪು ಅಂತ್ಯಕ್ರಿಯೆ ಆದದ್ದೂ ಅಲ್ಲೇ, ಸಮಾಧಿ ಇದೆ.

ಅರ್ಧ ದಿನ ಇಟ್ಟುಕೊಳ್ಳಿ. ಕುವೆಂಪು ಮಗ, ಲೇಖಕ ಪೂರ್ಣಚಂದ್ರ ತೇಜಸ್ವಿ ಸ್ಮಾರಕವೂ ಹತ್ತಿರದಲ್ಲೇ ಇದೆ. ಮಳೆಗಾಲದಲ್ಲಾದರೆ ಬಂಡೆ ಜಾರುತ್ತೆ, ಇಂಬಳಗಳೂ (ಜಿಗಣೆ) ಜಾಸ್ತಿ. ಅಮ್ಮನ ಜೊತೆ ಅಂದ್ರೆ ನವೆಂಬರ್ ನಂತರ ಹೋಗೋದೇ ವಾಸಿ.