ಗಣಿಯ ಸಾಗಣೆ ರಸ್ತೆ ಮತ್ತು ಚರಂಡಿಯ ನಕ್ಷೆಗಳನ್ನು ನಿಯಂತ್ರಣ ಇಲಾಖೆ ಆಕ್ಷೇಪಣೆ ಹಾಕಿ ಎರಡು ಸಲ ವಾಪಸ್ ಕಳಿಸಿದೆ. ಪರಿಶೀಲಿಸುವವರು ನಿಜವಾಗಿ ಏನು ನೋಡುತ್ತಾರೆ?

ಮೊದಲು ನೋಡುವುದು ರಸ್ತೆಯನ್ನಲ್ಲ, ನೀರನ್ನು. ಮೇಲಿನ ಗುಡ್ಡದಲ್ಲಿ ಬಿದ್ದ ಮಳೆ ಯಾವ ಚರಂಡಿ ಸೇರುತ್ತದೆ, ಯಾವ ಮೋರಿ ದಾಟುತ್ತದೆ, ಎಲ್ಲಿ ಹೂಳು ಬಿಟ್ಟು ಯಾವ ಹಳ್ಳಕ್ಕೆ ಇಳಿಯುತ್ತದೆ ಎಂಬುದನ್ನು ನಕ್ಷೆಯ ಮೇಲೆ ಬೆರಳಿಟ್ಟು ಕೊನೆಯವರೆಗೂ ಹಿಂಬಾಲಿಸಲು ಆಗಬೇಕು. ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲೇ ಆಕ್ಷೇಪಣೆ ಹುಟ್ಟುತ್ತದೆ. ವಾಪಸ್ ಬರುವ ಕಡತಗಳಲ್ಲಿ ಸೂತ್ರ ತಪ್ಪಿರುವುದು ಕಡಿಮೆ. ನಕ್ಷೆ ಒಂದು ಹೇಳಿ, ಲೆಕ್ಕದ ಹಾಳೆ ಇನ್ನೊಂದು ಹೇಳುವುದೇ ಹೆಚ್ಚು.

ಲೆಕ್ಕದಲ್ಲಿ ಎಡವುವ ಜಾಗ ಸಾಮಾನ್ಯವಾಗಿ ಮಳೆಯ ತೀವ್ರತೆ. ಸಣ್ಣ ಜಲಾನಯನಕ್ಕೆ Q = CiA/360 ಸಾಕು: C ಎಂದರೆ ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು; ಮಳೆಯ ತೀವ್ರತೆ i ಗಂಟೆಗೆ ಮಿ.ಮೀ.ನಲ್ಲಿ, ವಿಸ್ತೀರ್ಣ A ಹೆಕ್ಟೇರ್‌ನಲ್ಲಿ ಇಟ್ಟರೆ ಹರಿವು Q ಸೆಕೆಂಡಿಗೆ ಘನ ಮೀಟರ್‌ನಲ್ಲಿ ಸಿಗುತ್ತದೆ. 12 ಹೆಕ್ಟೇರ್, C 0.7, ತೀವ್ರತೆ 60 ಮಿ.ಮೀ. ಎಂದರೆ 1.4 ಘನ ಮೀಟರ್. ಇದೇ ಜಾಗಕ್ಕೆ ದಿನವೊಂದರ 120 ಮಿ.ಮೀ. ಮಳೆಯನ್ನು 24ರಿಂದ ಭಾಗಿಸಿ 5 ಮಿ.ಮೀ. ಎಂದು ಹಾಕಿಬಿಟ್ಟರೆ ಹರಿವು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೋರಿಯೂ ಅಷ್ಟೇ ಸಣ್ಣದಾಗುತ್ತದೆ. ಜಲಾನಯನದ ದೂರದ ಅಂಚಿನಿಂದ ಮೋರಿಯ ಬಾಯಿಗೆ ನೀರು ತಲುಪಲು ಎಷ್ಟು ನಿಮಿಷ ಬೇಕೋ ಅಷ್ಟೇ ಅವಧಿಯ ತೀವ್ರತೆಯನ್ನು ತೆಗೆದುಕೊಳ್ಳಬೇಕು. ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆ ಎಂಬುದನ್ನು ನಿಮಗೆ ಅನ್ವಯಿಸುವ ನಿಯಮವೇ ಹೇಳುತ್ತದೆ. ಉದಾಹರಣೆಗೆ, ಅಮೆರಿಕದ ಕಲ್ಲಿದ್ದಲು ಗಣಿಗಳ ಮುಖ್ಯ ರಸ್ತೆಗಳಿಗೆ 10 ವರ್ಷಕ್ಕೊಮ್ಮೆ ಬರುವ 6 ಗಂಟೆಯ ಮಳೆ. ಅಲ್ಲಿಯೇ ರಸ್ತೆಯ ಮಣ್ಣಿನ ಏರಿಗೆ ಸ್ಥಿರತೆಯ ಸುರಕ್ಷಾ ಗುಣಾಂಕ (ಜಾರಿಸುವ ಬಲಕ್ಕಿಂತ ಹಿಡಿದಿಡುವ ಬಲ ಎಷ್ಟು ಪಟ್ಟು ಎಂಬುದು) ಕನಿಷ್ಠ 1.3.

ಆ 1.4 ಘನ ಮೀಟರ್ ನೀರು 900 ಮಿ.ಮೀ. ವ್ಯಾಸದ ಪೈಪು ಒಂದರಲ್ಲಿ ಹೋಗದು, ಮೇಲ್ಬದಿಯ ನೀರು ಪೈಪಿನ ನೆತ್ತಿ ದಾಟಬಾರದೆಂದರೆ. ಎರಡು ಪೈಪು ಬೇಕು, ಇಲ್ಲವೇ ನೀರು ಎಷ್ಟು ಎತ್ತರ ನಿಲ್ಲುತ್ತದೆ, ಅಷ್ಟನ್ನು ರಸ್ತೆ ತಡೆಯುತ್ತದೆ ಎಂದು ತೋರಿಸಬೇಕು. ಮೋರಿಗೆ ನಾಲ್ಕು ವಿವರ ಇರಲೇಬೇಕು: ಒಳಬಾಯಿ ಮತ್ತು ಹೊರಬಾಯಿಯ ಲೆವೆಲ್, ಪೈಪಿನ ಮೇಲಿನ ಮಣ್ಣಿನ ದಪ್ಪ, ತುಂಬಿದ ಡಂಪರ್‌ನ ಭಾರ ತಡೆಯುವ ಪೈಪಿನ ದರ್ಜೆ, ಹೊರಬಾಯಿಯ ಕಲ್ಲುಹಾಸು. ಕಲ್ಲುಹಾಸನ್ನೇ ಹೆಚ್ಚಾಗಿ ಮರೆಯುವುದು. ಅದಿಲ್ಲದಿದ್ದರೆ ಪೈಪಿನಿಂದ ಚಿಮ್ಮಿದ ನೀರು ಏರಿಯ ಬುಡ ಕೊರೆಯುತ್ತದೆ, ಕೊರೆತ ಹಿಂದಕ್ಕೆ ಬೆಳೆಯುತ್ತಾ ರಸ್ತೆಯನ್ನೇ ನುಂಗುತ್ತದೆ.

ಇನ್ನು ಅಗಲ. 6 ಮೀಟರ್ ಅಗಲದ ಡಂಪರ್ ಎರಡೂ ದಿಕ್ಕಿಗೆ ಓಡುವುದಾದರೆ ವಾಹನದ ಅಗಲದ ಮೂರೂವರೆ ಪಟ್ಟು, ಅಂದರೆ 21 ಮೀಟರ್ ಎಂಬುದು ರೂಢಿಯ ಲೆಕ್ಕ. ಇದು ಬರೀ ಓಡುವ ಜಾಗ. ಅಂಚಿನ ಸುರಕ್ಷಾ ದಿಬ್ಬ ಅತಿ ದೊಡ್ಡ ವಾಹನದ ಚಕ್ರದ ಅಚ್ಚಿನ ಮಟ್ಟದಷ್ಟಾದರೂ ಇರಬೇಕು. ಟೈರು 2.7 ಮೀಟರ್ ಎತ್ತರವಿದ್ದರೆ ದಿಬ್ಬ ಸುಮಾರು 1.35 ಮೀಟರ್, 1.5:1 ಇಳಿಜಾರಿನಲ್ಲಿ ಅದರ ಬುಡವೇ 4 ಮೀಟರ್ ತಿನ್ನುತ್ತದೆ. ಚರಂಡಿ ಬೇರೆ. ಇವೆಲ್ಲವನ್ನೂ 21 ಮೀಟರ್‌ನೊಳಗೇ ತುರುಕಿದ ಅಡ್ಡಛೇದ ಬಂದರೆ ಮುಂದಿನ ಪುಟ ತಿರುವುವ ಅಗತ್ಯವೇ ಇಲ್ಲ.

ದಿಬ್ಬದ ಜೊತೆ ಇನ್ನೊಂದು ಗೋಳಿದೆ. ಸುರಕ್ಷತೆ ನೋಡುವವರು ಅದು ಎಲ್ಲೂ ಕಡಿಯದೆ ಉದ್ದಕ್ಕೂ ಇರಲಿ ಎನ್ನುತ್ತಾರೆ, ನೀರು ನೋಡುವವರು ಕಿಂಡಿ ಬೇಕು ಎನ್ನುತ್ತಾರೆ. ಇಬ್ಬರದೂ ಸರಿಯೇ. ಕಿಂಡಿಯಿಲ್ಲದ ದಿಬ್ಬ ನೀರನ್ನು ರಸ್ತೆಯ ಮೇಲೇ ಓಡಿಸಿ ಕೊನೆಗೆ ತಗ್ಗಿನಲ್ಲಿ ತಾನೇ ಒಡೆಯುತ್ತದೆ. ಚಕ್ರ ನುಗ್ಗದಷ್ಟು ಕಿರಿದಾದ ಕಿಂಡಿ ಬಿಟ್ಟು, ಅಲ್ಲಿಂದ ಏರಿಯ ಬುಡದವರೆಗೆ ಕಲ್ಲು ಹಾಸಿದ ಇಳಿಗಾಲುವೆ ತೋರಿಸಿ. ಸಾಧ್ಯವಿದ್ದರೆ ರಸ್ತೆಯನ್ನು ಗುಡ್ಡದ ಕಡೆಗೇ ವಾಲಿಸಿ, ನೀರು ಗುಡ್ಡದ ಬದಿಯ ಚರಂಡಿಗೆ ಇಳಿಯಲಿ. ನನ್ನ ಮತ ಇದಕ್ಕೇ.

ಹಾಗೆ ವಾಲಿಸಿದರೂ ನೀರು ನೇರ ಅಡ್ಡಕ್ಕೆ ಹೋಗುವುದಿಲ್ಲ. ರಸ್ತೆಯ ಏರು 8%, ಅಡ್ಡ ಇಳಿಜಾರು 3% ಇದ್ದರೆ, 21 ಮೀಟರ್ ಅಡ್ಡ ದಾಟುವಷ್ಟರಲ್ಲಿ ಹನಿ ರಸ್ತೆಯ ಉದ್ದಕ್ಕೆ 56 ಮೀಟರ್ ಕೆಳಕ್ಕೆ ಹರಿದಿರುತ್ತದೆ. ಗಾಲಿಯ ಜಾಡು ಬಿದ್ದರಂತೂ ಚರಂಡಿ ಮುಟ್ಟುವುದೇ ಇಲ್ಲ. ಆದ್ದರಿಂದ ಜಾಡು ಸಮ ಮಾಡುವ ಗ್ರೇಡರ್ ಕೆಲಸವೂ ನಿರ್ವಹಣೆಯ ಯೋಜನೆಯಲ್ಲಿ ಬರಬೇಕು.

ಗುಡ್ಡದ ಬದಿಯ ಚರಂಡಿಯಲ್ಲಿ ನೀರಿನ ವೇಗವನ್ನೂ ತೋರಿಸಿ. 8% ಇಳಿಜಾರು, ಜಲತ್ರಿಜ್ಯ (ಹರಿವಿನ ಅಡ್ಡಛೇದದ ವಿಸ್ತೀರ್ಣವನ್ನು ನೀರು ತಾಗುವ ಅಂಚಿನ ಉದ್ದದಿಂದ ಭಾಗಿಸಿದ್ದು) 0.2 ಮೀಟರ್, ಬರಿಮಣ್ಣಿಗೆ ಒರಟುತನದ ಅಂಕಿ n 0.025 ಎಂದರೆ ಮ್ಯಾನಿಂಗ್ ಸೂತ್ರದಲ್ಲಿ ವೇಗ ಸೆಕೆಂಡಿಗೆ 3.9 ಮೀಟರ್ ಬರುತ್ತದೆ. ಸಾಮಾನ್ಯ ಮಣ್ಣು 1ರಿಂದ 1.5 ದಾಟಿದರೆ ಕಿತ್ತುಹೋಗುತ್ತದೆ. ‘ಮಣ್ಣಿನ ಚರಂಡಿ’ ಎಂದಷ್ಟೇ ಬರೆದ ನಕ್ಷೆ ಇಲ್ಲೇ ಬೀಳುತ್ತದೆ. ಕಲ್ಲು ಹಾಸಿ, ಅದರ ಗಾತ್ರ ಮತ್ತು ದಪ್ಪ ನಮೂದಿಸಿ.

ಹೂಳುಕೊಳಕ್ಕೆ ಗಾತ್ರದ ಜೊತೆ ಕೋಡಿಯ ಲೆವೆಲ್ ಬೇಕು, ಹೂಳು ಯಾವ ಮಟ್ಟಕ್ಕೆ ಬಂದಾಗ ತೆಗೆಯುತ್ತೀರಿ ಎಂಬ ಗುರುತುಗಲ್ಲೂ ಬೇಕು. ಗಣಿ ಮುಟ್ಟದ ಗುಡ್ಡದ ತಿಳಿನೀರನ್ನು ಮೇಲೆಯೇ ಬೇರೆ ಕಾಲುವೆಯಲ್ಲಿ ತಿರುಗಿಸಿದರೆ ಕೊಳವೂ ಸಣ್ಣದಾಗುತ್ತದೆ, ಖರ್ಚೂ ಉಳಿಯುತ್ತದೆ.

ಉತ್ತರಪತ್ರದಲ್ಲಿ ‘ಗಮನಿಸಲಾಗಿದೆ’ ಎಂದು ಬರೆಯಬೇಡಿ. ಪ್ರತಿ ಆಕ್ಷೇಪಣೆಯ ಸಂಖ್ಯೆಯ ಎದುರು ಏನು ಬದಲಾಯಿತು, ಯಾವ ಹಾಳೆ, ಎಷ್ಟನೇ ತಿದ್ದುಪಡಿ ಎಂದು ಬರೆಯಿರಿ. ಒಂದು ಮೋರಿಯ ಹರಿವು ಬದಲಾದರೆ ಅದರ ಕೆಳಗಿನ ಚರಂಡಿ, ಕೊಳ, ಕೋಡಿ ಎಲ್ಲದರ ಪಟ್ಟಿಯೂ ಬದಲಾಗಬೇಕು. ಹಳೆಯ ಅಂಕಿ ಒಂದು ಕಡೆ ಉಳಿದುಹೋದರೂ ಕಡತ ಮೂರನೇ ಸಲ ವಾಪಸ್ ಬರುತ್ತದೆ.